ಮಾಳಿಗೆ ಹತ್ತುವ ಮುನ್ನ ಕೂಗಬೇಕು

ಒಬ್ಬ ಮನುಷ್ಯ ಎಷ್ಟು ದೂರ ಜಿಗಿಯಬೇಕು ಎಂದು ಜಗಳವಾಡಿ ಸಂಬಳ ಪಡೆದವನು ನಾನು. ಮನುಷ್ಯ ಎಂದರೆ ಪರದೆಯ ಮೇಲಿನ ಮನುಷ್ಯ. ರಾಯಚೂರಿನ ಸ್ಟೇಷನ್ ರಸ್ತೆಯಲ್ಲಿ, ಬಟ್ಟೆ ಅಂಗಡಿಯೊಂದರ ಮೇಲಿನ ಎರಡು ಕೋಣೆಗಳಲ್ಲಿ ನಾವು ಏಳು ಮಂದಿ ಕೂತು ವಿಡಿಯೊ ಗೇಮ್ ಮಾಡುತ್ತಿದ್ದೆವು. ಭೂಗೋಳದಲ್ಲಿ ಎಂ.ಎ. ಮಾಡಿ, ಕೆಲವು ವರ್ಷ ನಕ್ಷೆ ಬರೆದು, ನಡುವಯಸ್ಸಿನಲ್ಲಿ ಅಲ್ಲಿ ಸೇರಿದೆ. ಹೋದ ವರ್ಷ ನಿವೃತ್ತನಾದೆ. ಈಗ ಈ ಕೆಲಸಕ್ಕೆ ಬರುವ ಹೊಸಬರು ಫೋನ್ ಮಾಡಿ ಯಾವ ಸಾಫ್ಟ್‌ವೇರ್ ಕಲಿಯಬೇಕು ಎಂದು ಕೇಳುತ್ತಾರೆ. ನಾನು ಕಲಿತ ಸಾಫ್ಟ್‌ವೇರ್‌ಗಳೆಲ್ಲ ಸತ್ತುಹೋಗಿವೆ. ಉಳಿದದ್ದು ಒಂದೇ ಪ್ರಶ್ನೆ: ಆಟ ಆಡುವವರನ್ನು ಎಷ್ಟು ಅವರ ಪಾಡಿಗೆ ಬಿಡಬೇಕು? ಅದಕ್ಕೆ ನನಗೆ ಸಿಕ್ಕ ಉತ್ತರ ಒಂದು ಲೆವೆಲ್‌ನ ಕಥೆಯಲ್ಲಿದೆ. ಲೆವೆಲ್ ಎಂದರೆ ಆಟದ ಒಂದು ಹಂತ, ಒಂದು ಜಾಗ. ನಾಟಕಕ್ಕೆ ಅಂಕ ಇದ್ದ ಹಾಗೆ. ಅದನ್ನು ಹೇಳಲು ಹೊರಟರೆ ಈಗಲೂ ನನ್ನ ಮಾತಿನ ವೇಗ ಹೆಚ್ಚುತ್ತದೆ.

ಒಂದು ಎಚ್ಚರಿಕೆ. ನನ್ನ ನೆನಪನ್ನು ನಾನು ನಂಬುವುದಿಲ್ಲ. ದಿನಚರಿ ಬರೆಯುವ ಚಟ ಇರುವುದರಿಂದ ಅದು ಎಷ್ಟು ಸುಳ್ಳು ಹೇಳುತ್ತದೆ ಎಂದು ನನಗೆ ಗೊತ್ತಾಗಿದೆ. ನೆನಪು ಒಂದು ಹೇಳಿ ನೋಟ್‌ಬುಕ್ ಇನ್ನೊಂದು ಹೇಳಿದ ಕಡೆ ಎರಡನ್ನೂ ಬರೆಯುತ್ತೇನೆ.

ನಮ್ಮದು ಕದ್ದು ಸಾಗುವ ಆಟ. ಹಳೆಯ ಕೋಟೆ ಊರು; ಅದರಲ್ಲಿ ಒಬ್ಬ ಹರಿಕಾರ, ಅಂದರೆ ಗುಟ್ಟಾಗಿ ಪತ್ರ ಒಯ್ಯುವವನು. ಊರಬಾಗಿಲಿನಿಂದ ಒಳಕೋಟೆಯ ಒಂದು ಮನೆಗೆ ಪತ್ರ ತಲುಪಿಸಬೇಕು. ಹೊಡೆಯುವಂತಿಲ್ಲ, ಕೊಲ್ಲುವಂತಿಲ್ಲ, ಕಾವಲುಗಾರರ ಕಣ್ಣಿಗೆ ಬೀಳುವಂತಿಲ್ಲ. ಊರು ಕಟ್ಟುವ ಕೆಲಸ ನನ್ನದು. ಆ ಮನುಷ್ಯನ ಮೈ ನಸ್ರೀನಳದು: ಅವನು ಹೇಗೆ ಬಾಗುತ್ತಾನೆ, ಹೇಗೆ ಗೋಡೆ ಹಿಡಿದು ಏರುತ್ತಾನೆ, ಬಿದ್ದರೆ ಮೊಣಕಾಲು ಎಷ್ಟು ಮಡಚುತ್ತಾನೆ. ನಸ್ರೀನ್ ಮಾನ್ವಿಯವಳು. ನನಗಿಂತ ಇಪ್ಪತ್ತೈದು ವರ್ಷ ಚಿಕ್ಕವಳು, ನನಗಿಂತ ಹತ್ತು ಪಟ್ಟು ಹಟಮಾರಿ.

ಮೊದಲ ಜಗಳ ಜಿಗಿತದ್ದು. ಮಾಳಿಗೆಯಿಂದ ಮಾಳಿಗೆಗೆ, ಅಂದರೆ ಒಂದು ಮನೆಯ ಮಣ್ಣಿನ ತಾರಸಿಯಿಂದ ಇನ್ನೊಂದಕ್ಕೆ, ಅವನು ಹತ್ತು ಅಡಿ ಹಾರಬೇಕು ಎಂದು ನಾನು. ಹಾಗೆ ಹಾರಿದರೆ ಅವನಿಗೆ ತೂಕವೇ ಇರುವುದಿಲ್ಲ ಎಂದು ಅವಳು.

"ನೀವ್ ಒಮ್ಮಿ ಹಾರಿ ತೋರಸ್ರಿ ಸರ್. ಆಮ್ಯಾಲ ಅವನ್ನ ಹಾರಸ್ತೀನಿ."

ಒಂದು ಭಾನುವಾರ ಮುಂಜಾನೆ ಬಸ್ ಹತ್ತಿ ಯರಗೇರಾಕ್ಕೆ ಹೋಗಿ, ವಿಶ್ವವಿದ್ಯಾಲಯದ ಕ್ಯಾಂಪಸ್ಸಿನ ಹತ್ತಿರದ ಬಯಲಿನಲ್ಲಿ ಸುಣ್ಣದ ಗೆರೆ ಎಳೆದೆವು. ನಾನು ಓಡಿ ಬಂದು ಹಾರಿದೆ. ಒಂಬತ್ತು ಅಡಿ ಹಾರಿದೆ ಎಂದು ನನಗೆ ಸ್ಪಷ್ಟವಾಗಿ ನೆನಪಿದೆ. ಎಷ್ಟೋ ಜನರಿಗೆ ಹೇಳಿಯೂ ಇದ್ದೇನೆ. ನೋಟ್‌ಬುಕ್ಕಿನಲ್ಲಿ ನನ್ನದೇ ಕೈಬರಹ: "ಆರು ಅಡಿ ಎರಡು ಅಂಗುಲ. ಪಾದ ಉಳುಕಿತು. ನ. ನಕ್ಕಳು."

ಕೊನೆಗೆ ಏಳು ಅಡಿಗೆ ಒಪ್ಪಿದೆವು. ಆದರೆ ನಸ್ರೀನ್ ಅದರಲ್ಲೊಂದು ಕರುಣೆ ಸೇರಿಸಿದಳು. ಮಾಳಿಗೆಯ ಅಂಚು ದಾಟಿ ಕಾಲು ಗಾಳಿಗೆ ಬಂದ ಮೇಲೂ, ಕಣ್ಣು ಮಿಟುಕಿಸುವಷ್ಟು ಹೊತ್ತು, ಜಿಗಿಯುವ ಬಟನ್ ಕೆಲಸ ಮಾಡುತ್ತದೆ. ತಡವಾಗಿ ಒತ್ತಿದವರಿಗೂ ಸರಿಯಾಗಿ ಒತ್ತಿದೆ ಅನ್ನಿಸುತ್ತದೆ. ಯಾರಿಗೂ ಕಾಣದ ಇಂಥ ಉಪಕಾರ ಮಾಡುವುದೇ ನಮ್ಮ ವೃತ್ತಿಯ ಅರ್ಧ ಭಾಗ. ಉಳಿದರ್ಧ ಯಾರಿಗೂ ಕಾಣದ ಅಡ್ಡಿ ಒಡ್ಡುವುದು. ನಾನು ಎಡವಿದ್ದು ಅಲ್ಲಿ.

ಕಂಪನಿ ಕಟ್ಟಿದವರು ವೆಂಕಟರೆಡ್ಡಿ. ಗಡಿ ಊರು ಯಾಪಲದಿನ್ನಿಯವರು, ಸಿಟ್ಟು ಬಂದರೆ ತೆಲುಗಿಗೆ ಇಳಿಯುವವರು. ಅವರ ಕೆಲಸದ ಕ್ರಮ ಹೀಗಿತ್ತು: ಲೆವೆಲ್‌ನ ನಕ್ಷೆಯನ್ನು ಹಲಗೆಗೆ ಅಂಟಿಸಿ, ಊರಬಾಗಿಲಿನಿಂದ ಕೊನೆಯ ಮನೆಯವರೆಗೆ ಗುಂಡುಪಿನ್ನು ಚುಚ್ಚಿ ಒಂದು ಕೆಂಪು ಉಣ್ಣೆದಾರ ಎಳೆಯುವುದು. ದಾರ ಹೋದದ್ದೇ ದಾರಿ. ಅದರ ಆಚೀಚೆ ಇರುವುದೆಲ್ಲ ಬರೀ ಬಣ್ಣದ ಗೋಡೆ, ಒಳಗೆ ಹೋಗಲು ಬರುವುದಿಲ್ಲ. ಇದು ಅವರ ಮೊಂಡುತನವಲ್ಲ. ನಮ್ಮ ಹಿಂದಿನ ಆಟದಲ್ಲಿ ಜನ ಒಂದು ಬಾವಿಯ ಹತ್ತಿರ ದಾರಿ ತಿಳಿಯದೆ ಸುತ್ತಿ ಸುತ್ತಿ ಬಿಟ್ಟುಹೋಗಿದ್ದರು. ಆ ಬಾವಿ ಅವರ ಕನಸಿನಲ್ಲಿ ಬರುತ್ತಿತ್ತಂತೆ.

"ಆಡೋರಿಗಿ ದಾರಿ ತಪ್ಪಿದ್ರ ಬೈಯೋದಿಲ್ರೀ ಅವರು, ಸುಮ್ನ ಎದ್ದು ಹೋಗ್ತಾರ. ಬೈದ್ರ ಚೊಲೊ ಇತ್ತು" ಎನ್ನುತ್ತಿದ್ದರು.

ನಾನು ನನ್ನ ಲೆವೆಲ್‌ಗೆ ದಾರ ಬೇಡ ಎಂದೆ. ಊರನ್ನು ಊರಾಗಿಯೇ ಕಟ್ಟುತ್ತೇನೆ, ಓಣಿ, ಮಾಳಿಗೆ, ಅಂಗಳ, ಎಲ್ಲ. ದಾರಿಯನ್ನು ಆಡುವವರು ಹುಡುಕಿಕೊಳ್ಳಲಿ ಎಂದೆ. ವೆಂಕಟರೆಡ್ಡಿ ಷರತ್ತು ಹಾಕಿದರು.

"ಇನ್ನ ಒಂದು ತಿಂಗಳದಾಗ ಈ ಆಟ ಹೊರಗ ಕಳಸಬೇಕು. ಅಷ್ಟರಾಗ ಆಟದ ಗಂಧ ಇಲ್ದ ಒಬ್ಬರನ್ನ ನನ್ನ ಮುಂದ ಕೂಡಸ್ರಿ. ಅಮರೇಶ, ನೀವು ಬಾಯಿ ಬಿಡಂಗಿಲ್ಲ. ಅವರು ಪತ್ರ ಮುಟ್ಟಿಸಿದ್ರ ನಿಮ್ಮ ಊರು ಉಳೀತದ. ಇಲ್ಲಂದ್ರ ಮಾಳಗಿ ಎಲ್ಲ ಕಿತ್ತಿ ಒಂದು ಓಣಿ ಇಡೋದು."

ನಸ್ರೀನ್ ನನ್ನ ಕಡೆ ತಿರುಗಿದಳು. ಎರಡು ವರ್ಷ ಅವಳು ಮಾಡಿದ್ದೆಲ್ಲ ಏರುವುದು, ಹಾರುವುದು, ಅಂಚಿಗೆ ಜೋತುಬೀಳುವುದು. "ಮಾಳಗಿ ತಗದ್ರ ನನ್ನ ಹರಿಕಾರ ಎಲ್ಲಿಗಿ ಹಾರಬೇಕ್ರೀ ಸರ್? ಓಣ್ಯಾಗ ಕಪ್ಪಿ ಹಂಗ ಜಿಗಕೋತ ಹೋಗ್ತಾನೇನು?"

ಆ ತಿಂಗಳು ನಮಗೆ ಬೇರೆ ಯೋಚನೆಯೇ ಇರಲಿಲ್ಲ.

ಪರೀಕ್ಷೆಗೆ ನಾವು ಹಳಬರನ್ನು ಕರೆಯುತ್ತಿರಲಿಲ್ಲ; ಆಟ ಆಡಿ ಪಳಗಿದವರಿಗೆ ನಮ್ಮ ತಪ್ಪು ಕಾಣುವುದಿಲ್ಲ, ಅವರು ಅದನ್ನು ಸುತ್ತುಹಾಕಿ ದಾಟಿಬಿಡುತ್ತಾರೆ. ಲ್ಯಾಪ್‌ಟಾಪ್ ಹೊತ್ತು ಸುತ್ತಲ ಊರುಗಳಿಗೆ ಹೋಗುತ್ತಿದ್ದೆವು. ಆಡುವವರ ಹಿಂದೆ ಕೂತವನಿಗೆ "ಬಲಕ್ಕ ಹೋಗ್ರಿ, ಮ್ಯಾಲ ನೋಡ್ರಿ" ಎನ್ನುವ ಚಪಲ ತಡೆಯಲಾಗುವುದಿಲ್ಲ. ಅದಕ್ಕೆ ನಾನು ಕಂಡುಕೊಂಡ ಉಪಾಯ ಬಾಯಿ ತುಂಬ ಎಲೆ-ಅಡಿಕೆ ಹಾಕಿಕೊಂಡು ಕೂರುವುದು. ಮಾತಾಡಬೇಕೆಂದರೆ ಎದ್ದು ಹೊರಗೆ ಹೋಗಿ ಉಗಿದು ಬರಬೇಕು. ಅಷ್ಟರಲ್ಲಿ ಆಡುವವರೇ ದಾರಿ ಕಂಡುಕೊಂಡಿರುತ್ತಾರೆ. ಹೊಸಬರಿಗೆ ಇದನ್ನೇ ಹೇಳುತ್ತೇನೆ: ಎಲೆ-ಅಡಿಕೆ ಬೇಡವಾದರೆ ಶೇಂಗಾ ಚಿಕ್ಕಿಯಾದರೂ ಆದೀತು, ಬಾಯಿ ಮಾತ್ರ ಖಾಲಿ ಇರಬಾರದು.

ದೇವದುರ್ಗದಲ್ಲಿ ಸಿಕ್ಕವರು ಭೀಮಣ್ಣ. ಐವತ್ತು ದಾಟಿದ ಗೌಂಡಿ, ಅಂದರೆ ಗಾರೆ ಕೆಲಸದವರು. ಮಳೆಗಾಲಕ್ಕೆ ಮುಂಚೆ ಹಳೆಯ ಮಾಳಿಗೆ ಮನೆಗಳಿಗೆ ಮಣ್ಣು ಹಾಕಿ ಸೋರುವುದನ್ನು ನಿಲ್ಲಿಸುವವರು. ಚಹಾದ ಅಂಗಡಿಯ ಹಿಂದಿನ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು, ಕೈಗೆ ಆಟ ನಡೆಸುವ ಕಂಟ್ರೋಲರ್ ಕೊಟ್ಟೆವು. ಹತ್ತು ನಿಮಿಷದಲ್ಲಿ ನಡೆಯಲು, ಬಾಗಲು, ಏರಲು ಕಲಿತರು. ಕಾವಲುಗಾರನೊಬ್ಬ ಓಣಿಯ ತುದಿಯಲ್ಲಿ ನಿಂತಿದ್ದ. ಭೀಮಣ್ಣ ಓಣಿ ಬಿಟ್ಟು ಒಂದು ಮನೆಯ ಗೋಡೆ ಹಿಡಿದು ಏರಿದರು. ನನ್ನ ಎದೆ ಹಿಗ್ಗಿತು. ಮಾಳಿಗೆಯ ಅಂಚಿಗೆ ಬಂದದ್ದೇ ಹರಿಕಾರ ಗಕ್ಕನೆ ನಿಂತ. ಎಷ್ಟು ಒತ್ತಿದರೂ ಮುಂದೆ ಹೋಗಲಿಲ್ಲ. ಪಕ್ಕದ ಮನೆಗೆ ಹೋದರು. ಅಲ್ಲೂ ಅದೇ. ಮೂರನೆಯ ಮನೆಯ ಮೇಲೆ ಸಲೀಸಾಗಿ ಹತ್ತಿದರು, ನಾಲ್ಕನೆಯದರಲ್ಲಿ ಮತ್ತೆ ಅದೇ ತಡೆ. ಅವರು ಕಂಟ್ರೋಲರ್ ಕೆಳಗಿಟ್ಟರು.

"ಇಲ್ಲಿ ಕಣ್ಣಿಗಿ ಕಾಣಲಾರದ ಗ್ವಾಡಿ ಕಟ್ಟೀರಿ ನೋಡ್ರಿ."

ನಾನು ಎಲೆ ಉಗಿದು ಬಂದೆ. "ಇಲ್ರೀ, ಅಲ್ಲೇನಿಲ್ಲ."

"ಮೂವತ್ತು ವರ್ಸ ಗ್ವಾಡಿ ಕಟ್ಟೀನ್ರೀ ಯಪ್ಪಾ. ಗ್ವಾಡಿ ಎಲ್ಲದ, ಎಲ್ಲಿಲ್ಲ, ನನಗ ಗೊತ್ತಾಗಂಗಿಲ್ಲೇನು?" ಎಂದರು. ಚಹಾ ಕುಡಿಯುತ್ತಿದ್ದವರು ನಕ್ಕರು. "ಅಂಗಳ ಇರೋ ಮನಿಗಿ ಅಷ್ಟ ಕಟ್ಟೀರಿ. ಅಂಗಳ ಇಲ್ಲದ ಮನಿಗಿ ಬಿಟ್ಟೀರಿ. ಯಾಕ?"

ನಸ್ರೀನ್ ಲ್ಯಾಪ್‌ಟಾಪ್ ಎಳೆದುಕೊಂಡು ಒಳಗಿನ ನಕ್ಷೆ ತೆರೆದಳು. ಹೌದು. ಅಂಗಳವಿದ್ದ ಹನ್ನೊಂದು ಮನೆಗಳ ಮಾಳಿಗೆಯ ಸುತ್ತ, ನನ್ನದೇ ಕೈಯಿಂದ, ಕಾಣದ ಗೋಡೆ ನಿಲ್ಲಿಸಿದ್ದೆ. ಮಾಳಿಗೆ ಬೇಕೇ ಬೇಕು ಎಂದು ವೆಂಕಟರೆಡ್ಡಿಯವರ ಮುಂದೆ ಜಗಳವಾಡಿದ ಮನುಷ್ಯ ಅದೇ ಮಾಳಿಗೆಗಳನ್ನು ಮುಚ್ಚಿಟ್ಟಿದ್ದ.

ಯಾಕೆ ಎಂದು ನನಗೆ ಕೂಡಲೇ ಹೊಳೆಯಲಿಲ್ಲ. ಕಂಪ್ಯೂಟರಿಗೆ ಭಾರವಾಗಬಾರದು ಎಂದು ಹಾಕಿರಬೇಕು ಎಂದೆ. ಅದು ಸುಳ್ಳು ಎಂದು ಹೇಳುವಾಗಲೇ ಅನ್ನಿಸಿತ್ತೋ, ಈಗ ಅನ್ನಿಸುತ್ತಿದೆಯೋ ತಿಳಿಯದು. ನಸ್ರೀನ್ ನನ್ನ ಮುಖ ನೋಡಿದಳು. ಗೋಡೆಗಳನ್ನು ಅಲ್ಲೇ ತೆಗೆದು ಭೀಮಣ್ಣನ ಕೈಗೆ ಮತ್ತೆ ಕೊಟ್ಟಳು. ಅವರು ಅದೇ ಮನೆಯ ಹತ್ತಿರ ಬಂದರು. ಏರುವ ಮುಂಚೆ ಬೆರಳು ತಡೆದರು. ಆಮೇಲೆ ಲ್ಯಾಪ್‌ಟಾಪಿನ ಕಡೆ ಬಾಗಿ, ಕಟ್ಟೆಯ ಮೇಲಿದ್ದವರೆಲ್ಲ ಬೆಚ್ಚುವಂತೆ ಕೂಗಿದರು:

"ಮ್ಯಾಲ ಬರಾಕತ್ತೀನ್ರೀ ಯವ್ವಾ!"

ಜನ ಬಿದ್ದು ಬಿದ್ದು ನಕ್ಕರು. "ಲೇ ಭೀಮ್ಯಾ, ಡಬ್ಬ್ಯಾಗಿನ ಹೆಣ್ಮಕ್ಕಳಿಗಿ ಕೇಳಸ್ತದೇನಲೇ?" ಎಂದು ಒಬ್ಬರು ರೇಗಿಸಿದರು. ಭೀಮಣ್ಣ ನಾಚಿಕೊಂಡರು. "ಬಾಯಿಗಿ ರೂಢಿ ಆಗ್ಯದ. ಕೂಗಲಾರದ ಕಾಲ ಮ್ಯಾಲ ಏಳಂಗಿಲ್ಲ" ಎಂದರು.

ನಾನು ನಗಲಿಲ್ಲ. ನನ್ನ ಗೋಡೆಗಳು ಎಲ್ಲಿಂದ ಬಂದವು ಎಂದು ಆಗ ಗೊತ್ತಾಯಿತು.

ನಮ್ಮ ಕಡೆಯ ಹಳೆಯ ಓಣಿಗಳಲ್ಲಿ ಮಾಳಿಗೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಒಂದರ ಮೇಲೆ ನಿಂತರೆ ಸುತ್ತಲ ನಾಲ್ಕು ಮನೆಗಳ ಅಂಗಳ ಕಾಣುತ್ತದೆ. ಅಂಗಳದಲ್ಲಿ ಹೆಣ್ಣುಮಕ್ಕಳು ತಲೆ ಬಾಚುತ್ತಿರಬಹುದು, ಸ್ನಾನ ಮಾಡಿ ಬಂದಿರಬಹುದು. ಅದಕ್ಕೆ ಗಂಡಸಾದವನು ಮಾಳಿಗೆ ಹತ್ತುವ ಮುಂಚೆ ಕೆಳಗಿನಿಂದಲೇ ಗಟ್ಟಿಯಾಗಿ ಕೂಗಬೇಕು. ಒಳಗೆ ಹೋಗುವವರು ಹೋಗುತ್ತಾರೆ, ಸೆರಗು ಎಳೆದುಕೊಳ್ಳುವವರು ಎಳೆದುಕೊಳ್ಳುತ್ತಾರೆ. ಕೂಗದೆ ಹತ್ತಿದವನು ಕಳ್ಳನಿಗಿಂತ ಕಡೆ. ನಾನು ಇದೇ ಶಿಸ್ತಿನಲ್ಲಿ ಬೆಳೆದವನು. ನನ್ನ ಹರಿಕಾರನಿಗೆ ಕೂಗಲು ಬಾಯಿಯೇ ಇರಲಿಲ್ಲ. ಆದ್ದರಿಂದ ನನ್ನ ಕೈ ನನಗೆ ಹೇಳದೆಯೇ ಅವನನ್ನು ಹೊರಗೆ ನಿಲ್ಲಿಸಿತ್ತು. ಬೇರೆ ಯಾವ ಊರಿನ ವಿನ್ಯಾಸಕಾರನೂ ಈ ತಪ್ಪು ಮಾಡುತ್ತಿರಲಿಲ್ಲ ಎಂದು ನನಗೆ ಈಗಲೂ ಖಾತ್ರಿ.

ವಾಪಸು ಬಸ್ಸಿನಲ್ಲಿ ನಾನು ಮಂಕಾಗಿ ಕೂತಿದ್ದೆ. ಆಟ ಎಂದರೆ ಆಟ, ಸಂಕೋಚ ಬಿಟ್ಟು ಗೋಡೆ ತೆಗೆದುಬಿಡಬೇಕು ಎಂದು ಒಂದು ಮನಸ್ಸು. ಹಾಗೆ ತೆಗೆದರೆ ಅದು ನನಗೆ ಗೊತ್ತಿರುವ ಊರಾಗಿ ಉಳಿಯುವುದಿಲ್ಲ ಎಂದು ಇನ್ನೊಂದು. ಗಬ್ಬೂರಿನಲ್ಲಿ ಬಸ್ ನಿಂತು ಜನ ಹತ್ತಿ ಇಳಿಯುವಾಗ ಅದು ಹೊಳೆಯಿತು: ಹರಿಕಾರ ಕೂಗಲಿ! ಕದ್ದು ಸಾಗುವ ಆಟದಲ್ಲಿ ಒಂದು ಕೂಗುವ ಬಟನ್ ಇರಲಿ!

ಯಾರಿಗೆ ಹೊಳೆಯಿತು? ನನಗೆ ಎಂದು ವರ್ಷಗಟ್ಟಲೆ ಹೇಳಿಕೊಂಡು ಬಂದೆ. ಬೀಳ್ಕೊಡುಗೆಯ ದಿನವೂ ಹಾಗೇ ಭಾಷಣ ಮಾಡಿದೆ. ಈ ಬರಹಕ್ಕಾಗಿ ನೋಟ್‌ಬುಕ್ ತೆಗೆದಾಗ ಹೀಗಿತ್ತು: "ಗಬ್ಬೂರು. ನ. ಅಂದಳು, ಅಂವಾ ಯಾಕ ಕೂಗಬಾರದು ಸರ್? ನಮ್ಮ ಮನ್ಯಾಗ ಮಾಮೂ (ಸೋದರಮಾವ) 'ಪರದಾ' ಅಂತ ಕೂಗಿ ಮ್ಯಾಲ ಹೋಗ್ತಾರ, ಆಮ್ಯಾಲ ಅವರ ಕಡೆ ಯಾರೂ ನೋಡಾದಿಲ್ಲ. ನಾನು ಬೇಡ ಅಂದೆ." ಬೇಡ ಅಂದದ್ದನ್ನೂ ಬರೆದಿಟ್ಟಿದ್ದೇನೆ. ಅವಳಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. "ನಿಮಗ ಈಗ ಗೊತ್ತಾತೇನ್ರಿ?" ಎಂದಳು.

ಅವಳ ಮಾತಿನಲ್ಲಿ ಇದ್ದದ್ದು ನಾನು ಊಹಿಸದ ಒಂದು ಬಾಗಿಲು. ಕೂಗಿದ ಮೇಲೆ ಯಾರೂ ಅವನ ಕಡೆ ನೋಡುವುದಿಲ್ಲ! ಮರ್ಯಾದಸ್ಥರು ಮಾಳಿಗೆಯ ಕಡೆ ಕಣ್ಣೆತ್ತುವುದಿಲ್ಲ. ಕಾವಲುಗಾರನೂ ಆ ಊರಿನವನೇ ಅಲ್ಲವೇ? ಅಂಗಳದಲ್ಲಿ ನಿಂತವನು ಗೋಡೆಯ ಕಡೆ ಮುಖ ತಿರುಗಿಸುತ್ತಾನೆ. ನಾವು ಆಡಿದ ಎಲ್ಲ ಕಳ್ಳಾಟಗಳಲ್ಲೂ ಸದ್ದು ಮಾಡಿದರೆ ಸಿಕ್ಕಿಬೀಳುತ್ತಿದ್ದೆವು. ಇಲ್ಲಿ ಸದ್ದೇ ಮರೆ. ಆ ವಾರ ನಾನು ಊಟ ಮಾಡುತ್ತಾ ಎದ್ದು ಹೋಗಿ ಕಾಗದದ ಮೇಲೆ ಬರೆದುಕೊಳ್ಳುತ್ತಿದ್ದೆ.

ಮೊದಲ ಪ್ರಯತ್ನ ಹಾಳಾಯಿತು. ಒಮ್ಮೆ ಕೂಗಿದರೆ ಇಡೀ ಊರು ಬೆನ್ನು ತಿರುಗಿಸಿ ನಿಲ್ಲುತ್ತಿತ್ತು; ಹರಿಕಾರ ಮದುವೆ ಮೆರವಣಿಗೆಯಂತೆ ನಡುಬೀದಿಯಲ್ಲಿ ಹೋಗಿಬಿಡುತ್ತಿದ್ದ. ಸ್ವಾತಂತ್ರ್ಯ ಕೊಡಲು ಹೋಗಿ ಆಟವನ್ನೇ ಕೊಂದಿದ್ದೆವು. ಎಲ್ಲ ಕಡೆ ಹೋಗಬಹುದಾದರೆ ಯಾವ ಕಡೆ ಹೋಗುವುದಕ್ಕೂ ಅರ್ಥವಿಲ್ಲ. ಆಗ ನಸ್ರೀನ್, ಕೂಗಿದವನು ಗೌಂಡಿಯಂತೆ ನಡೆಯಬೇಕು ಎಂದಳು. ತಲೆ ಮೇಲೆ ಮಣ್ಣಿನ ಬುಟ್ಟಿ, ನೆಟ್ಟಗಿನ ಬೆನ್ನು, ನಿಧಾನದ ಹೆಜ್ಜೆ. ಓಡಿದರೆ, ಹಾರಿದರೆ, ಬಾಗಿದರೆ ವೇಷ ಬಯಲು. ಕೂಗದೆ ಹತ್ತಿದರೆ ಬೇಕಾದಂತೆ ಹಾರಬಹುದು, ಆದರೆ ಅಂಗಳದ ಹೆಣ್ಣುಮಕ್ಕಳು ಕಂಡರೆ ಬೊಬ್ಬೆ ಹಾಕುತ್ತಾರೆ. ಎರಡು ಬಗೆಯ ನಡಿಗೆ, ಎರಡು ಬಗೆಯ ಭಯ. ಅವಳು ದೇವದುರ್ಗಕ್ಕೆ ಮತ್ತೆ ಹೋಗಿ ಭೀಮಣ್ಣ ಬುಟ್ಟಿ ಹೊತ್ತು ನಡೆಯುವುದನ್ನು ಚಿತ್ರೀಕರಿಸಿಕೊಂಡು ಬಂದಳು. ಅವರು ಎಡಗಾಲನ್ನು ತುಸು ಹೊರಗೆ ಇಡುತ್ತಾರೆ, ಮಣ್ಣಿನ ಮಾಳಿಗೆ ಕುಸಿಯದಂತೆ ತೊಲೆಯ ಮೇಲೇ ಹೆಜ್ಜೆ ಹಾಕುತ್ತಾರೆ. ನಮ್ಮ ಹರಿಕಾರನೂ ಹಾಗೇ ನಡೆದ. ನೋಡಿ ನನಗೆ ಕುಣಿಯಬೇಕೆನ್ನಿಸಿತು.

ತಿಂಗಳು ಮುಗಿಯಲು ಎರಡು ದಿನ ಇತ್ತು. ವೆಂಕಟರೆಡ್ಡಿಯವರನ್ನು ಕರೆದುಕೊಂಡು ಮಾನ್ವಿಗೆ, ನಸ್ರೀನಳ ಮನೆಗೆ ಹೋದೆವು. ಆಡುವವರು ಅವಳ ಖಾಲಾ, ಅಂದರೆ ತಾಯಿಯ ತಂಗಿ, ರಜಿಯಾಬಿ. ಸಂತೆಯಲ್ಲಿ ಬಳೆ ಮಾರುವವರು, ಕಂಟ್ರೋಲರ್ ಮುಟ್ಟಿದವರಲ್ಲ. ಅವರು ಪತ್ರ ಮುಟ್ಟಿಸಿದರೆ ಊರು ಉಳಿಯಿತು, ಇಲ್ಲವಾದರೆ ಓಣಿ. ವೆಂಕಟರೆಡ್ಡಿ ಜೇಬಿನಲ್ಲಿ ಕೆಂಪು ದಾರದ ಉಂಡೆ ತಂದಿದ್ದರು. ಹೆದರಿಸಲು ತಂದರೋ ಧೈರ್ಯಕ್ಕೆ ತಂದರೋ ಗೊತ್ತಿಲ್ಲ. ನಾನು ದವಡೆ ತುಂಬ ಎಲೆ ತುರುಕಿಕೊಂಡು ಹಿಂದೆ ಕೂತೆ.

ರಜಿಯಾಬಿ ಕಂಟ್ರೋಲರನ್ನು ಮಡಿಲಲ್ಲಿಟ್ಟುಕೊಂಡು ಆಡಿದರು. ಐದು ನಿಮಿಷ ಹರಿಕಾರ ಗೋಡೆಗೆ ಮುಖ ಒತ್ತಿಕೊಂಡೇ ನಿಂತಿದ್ದ. ಆಮೇಲೆ ನಡೆದ. ಕೂಗುವ ಬಟನ್ ಸಿಕ್ಕಿತು, ಅಂಗಳದ ಹೆಂಗಸರು ಒಳಗೆ ಹೋದರು. "ಅಯ್, ಚೊಲೊ ಮಂದಿ ಅದಾರ" ಎಂದು ಮಾಳಿಗೆ ಹತ್ತಿದರು. ಸರಿ, ಇನ್ನು ಮೂರು ಮಾಳಿಗೆ ದಾಟಿದರೆ ಪತ್ರದ ಮನೆ. ಅವರು ಆ ಕಡೆ ಹೋಗಲೇ ಇಲ್ಲ. ಎಡಕ್ಕೆ ತಿರುಗಿ ಬೇರೆ ಮನೆಯ ಮೇಲೆ ನಿಂತರು, ಅಲ್ಲಿಂದ ಮತ್ತೊಂದರ ಮೇಲೆ. ಒಂದು ಅಂಗಳದಲ್ಲಿ ನಾನು ಸುಮ್ಮನೆ ಇಟ್ಟಿದ್ದ ಒಣಮೆಣಸಿನಕಾಯಿ ರಾಶಿಯನ್ನು ನೋಡುತ್ತಾ ನಿಂತುಬಿಟ್ಟರು.

ವೆಂಕಟರೆಡ್ಡಿ ನನ್ನ ಕಿವಿಯಲ್ಲಿ, "ದಾರಿ ತಪ್ಪಿತ್ರೀ. ಅದೇ ಬಾವಿ ಕಥಿ" ಎಂದರು.

ರಜಿಯಾಬಿ ತಿರುಗದೆಯೇ, "ತಪ್ಪಿಲ್ರೀ ಸಾಬ್, ನೋಡಾಕತ್ತೀನಿ. ಹೊಸಾ ಊರಿಗಿ ಬಂದ್ರ ನೀವು ನೋಡಂಗಿಲ್ಲೇನು?" ಎಂದರು.

ಮುಕ್ಕಾಲು ಗಂಟೆಯಾಯಿತು. ನಸ್ರೀನ್ ಉಗುರು ಕಚ್ಚುತ್ತಿದ್ದಳು. ನನ್ನ ಬಾಯಿ ತುಂಬಿ ದವಡೆ ನೋಯುತ್ತಿತ್ತು. ಕೊನೆಗೆ ರಜಿಯಾಬಿ ತಾವಾಗಿಯೇ ಪತ್ರದ ಮನೆಯ ಮಾಳಿಗೆಗೆ ಬಂದರು. ಬಾಗಿಲಲ್ಲಿ ಕಾವಲುಗಾರ. ಹಿಂಬದಿಯ ಕಿಟಕಿಯಿಂದ ಇಳಿಯಲಿ ಎಂದು ನಾನು ವಾರಗಟ್ಟಲೆ ತಿದ್ದಿದ ಕಿಟಕಿಯನ್ನು ಅವರು ನೋಡಲೂ ಇಲ್ಲ. ಕಾವಲುಗಾರನ ನೆತ್ತಿಯ ಮೇಲೇ ನಿಂತು ಕೂಗಿದರು. ಅವನು ಮರ್ಯಾದೆಯಿಂದ ಗೋಡೆಯ ಕಡೆ ತಿರುಗಿದ. ರಜಿಯಾಬಿ ಅವನ ಬೆನ್ನ ಹಿಂದೆ ಏಣಿ ಇಳಿದು, ಗೌಂಡಿಯ ಹೆಜ್ಜೆಯಲ್ಲಿ, ತಲೆ ಮೇಲಿನ ಬುಟ್ಟಿ ಅಲುಗದಂತೆ ಮುಂಬಾಗಿಲಿನಿಂದಲೇ ಒಳಗೆ ಹೋಗಿ ಪತ್ರ ಇಟ್ಟರು.

ನಾವು ಯಾರೂ ಅದನ್ನು ಯೋಜಿಸಿರಲಿಲ್ಲ. ಕಾವಲುಗಾರ ತಿರುಗುವುದು ನನ್ನದು, ನಡಿಗೆ ನಸ್ರೀನಳದು, ಎರಡನ್ನೂ ಸೇರಿಸಿ ಮುಂಬಾಗಿಲು ಮಾಡಿದ್ದು ಬಳೆ ಮಾರುವ ಹೆಣ್ಣುಮಗಳು. ನಸ್ರೀನ್ ಕಿರುಚಿ ಖಾಲಾಳನ್ನು ತಬ್ಬಿಕೊಂಡಳು. ನಾನು ಹೊರಗೆ ಓಡಿ, ಉಗಿದು, ಒಳಗೆ ಬರುವಷ್ಟರಲ್ಲಿ ವೆಂಕಟರೆಡ್ಡಿ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಿದ್ದರು.

"ಇತ್ಲಾಗ ಕೊಡ್ರಿ."

"ಠೈರೋ ಸಾಬ್, ತಡೀರಿ, ನಂದಿನ್ನ ಮೆಣಸಿನಕಾಯಿ ಮನಿ ನೋಡೋದದ" ಎಂದು ರಜಿಯಾಬಿ ಕೊಡಲಿಲ್ಲ. ವೆಂಕಟರೆಡ್ಡಿ ಮಕ್ಕಳಂತೆ ಕೈಚಾಚಿಕೊಂಡು ಕಾದರು. ಊರು ಉಳಿಯಿತೋ ಇಲ್ಲವೋ ಎಂದು ಹೇಳುವುದನ್ನೇ ಮರೆತಿದ್ದರು, ನಮಗೂ ಕೇಳಬೇಕೆನ್ನಿಸಲಿಲ್ಲ. ಕೊನೆಗೆ ಕಂಟ್ರೋಲರ್ ಕೈಗೆ ಬಂದಾಗ ಹರಿಕಾರನನ್ನು ಊರಬಾಗಿಲಿನಲ್ಲಿ ನಿಲ್ಲಿಸಿ, ಯಾರೂ ಹೋಗದ ಬಲಗಡೆಯ ಮಾಳಿಗೆ ಸಾಲನ್ನು ದಿಟ್ಟಿಸಿದರು.

"ಅಮರೇಶ, ಈ ಕಡಿಂದ ಹೋದ್ರ ಏನಾಗ್ತದ?"

ನಾನು ಕಟ್ಟಿದ ಊರು. ಒಂದೊಂದು ಕಲ್ಲನ್ನೂ ನಾನೇ ಇಟ್ಟದ್ದು. ಯೋಚಿಸಿ ನೋಡಿದೆ.

"ನನಗ ಗೊತ್ತಿಲ್ಲ ಸರ್" ಎಂದೆ. ಅಷ್ಟು ಸಂತೋಷದಿಂದ ಆ ಮಾತನ್ನು ನಾನು ಮತ್ತೆ ಯಾವತ್ತೂ ಹೇಳಿಲ್ಲ.

"ಗೊತ್ತಿಲ್ಲ?" ಎಂದು ಅವರು ನನ್ನ ಮುಖ ನೋಡಿದರು. ಆಮೇಲೆ ಪರದೆಯ ಕಡೆ ತಿರುಗಿದರು. "ಹಂಗಾದ್ರ ಹೋಗೇ ನೋಡ್ಬೇಕು."